ಅಪ್ಪನ ಎದೆಯಲ್ಲಿ ಒಂದು ಬ್ಯಾಟರಿ

ತಲೆಬುರುಡೆಗೆ ತೂತು ಕೊರೆಯುವಾಗ ಪೇಷೆಂಟ್ ಎಚ್ಚರವಾಗಿರುತ್ತಾರೆ, ಡಾಕ್ಟರ ಜೊತೆ ಮಾತಾಡುತ್ತಾ ಇರುತ್ತಾರೆ ಅಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ. ನಾನು ದಾವಣಗೆರೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ನರಮಂಡಲದ ಪಾಠ ಬಂದಾಗಲೆಲ್ಲ ಇದನ್ನು ಹೇಳುತ್ತೇನೆ. "ನೋವಾಗಲ್ವಾ ಮಿಸ್?" ಅಂತ ಹಿಂದಿನ ಬೆಂಚಿನಿಂದ ಯಾರಾದರೂ ಕೇಳೇ ಕೇಳುತ್ತಾರೆ. ಮೆದುಳನ್ನು ಮುಟ್ಟಿದರೆ ನೋವಾಗುವುದಿಲ್ಲ. ನೋವು ಹಿಡಿಯುವ ನರತುದಿಗಳು ಅದರೊಳಗೆ ಇಲ್ಲ. ನೋವಿರುವುದು ನೆತ್ತಿಯ ಚರ್ಮಕ್ಕೆ, ಮೂಳೆಯ ಮೇಲಿನ ಪೊರೆಗೆ, ಮೆದುಳಿನ ಹೊರಪೊರೆಗೆ. ಅಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ.

ಪಾರ್ಕಿನ್ಸನ್ ಅನ್ನುವ ನರರೋಗ ಇರುವ ನಮ್ಮಪ್ಪನಿಗೆ ಇದೇ ಆಪರೇಷನ್ ಆಗಿದೆ. ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಚಿಕ್ಕದಾಗಿ ಡಿಬಿಎಸ್. ಮೆದುಳಿನ ಆಳದಲ್ಲಿ ಎರಡು ಸಣ್ಣ ತಂತಿ, ಕಿವಿಯ ಹಿಂದಿನಿಂದ ಚರ್ಮದ ಕೆಳಗೇ ಇಳಿದು ಬರುವ ವೈರು, ಕೊರಳೆಲುಬಿನ ಕೆಳಗೆ ಒಂದು ಬ್ಯಾಟರಿ. ಅಂಗಿ ಹಾಕಿಕೊಂಡರೆ ಏನೂ ಕಾಣುವುದಿಲ್ಲ. ಈ ಆಪರೇಷನ್ ಹೇಗೆ ಹುಟ್ಟಿತು ಅನ್ನುವುದನ್ನು ಓದುತ್ತಾ ಹೋದಾಗ ನನಗೆ ಒಂದು ವಿಷಯ ಮನಸ್ಸಿಗೆ ಬಲವಾಗಿ ನಾಟಿತು. ಇದು ಲ್ಯಾಬಿನಲ್ಲಿ ಯಾರೋ ಒಬ್ಬರೇ ಕೂತು ಕಂಡುಹಿಡಿದದ್ದಲ್ಲ. ಆಪರೇಷನ್ ಟೇಬಲ್ ಮೇಲೆ ಎಚ್ಚರವಾಗಿ ಮಲಗಿದ್ದ ರೋಗಿಗಳು ಆ ಕಡೆಯಿಂದ ಉತ್ತರ ಕೊಟ್ಟಿದ್ದರಿಂದ ಸಿಕ್ಕಿದ್ದು.

ಫ್ರಾನ್ಸ್ ದೇಶದಲ್ಲಿ ಆಲ್ಪ್ಸ್ ಬೆಟ್ಟಗಳ ನಡುವೆ ಗ್ರೆನೋಬಲ್ ಅನ್ನುವ ಊರಿದೆ. ಅಲಿಮ್ ಲೂಯಿ ಬೆನಬಿದ್ ಅಲ್ಲಿಯ ನ್ಯೂರೋಸರ್ಜನ್. 1942ರಲ್ಲಿ ಹುಟ್ಟಿದವರು. ಡಾಕ್ಟರ್ ಆದ ಮೇಲೂ ಓದು ಬಿಡಲಿಲ್ಲ, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದರು. ಅವರ ತಂಡ ಮೆದುಳಿನ ಗಡ್ಡೆಗಳ ಮೇಲೂ ಕೆಲಸ ಮಾಡಿದೆ. ಕೈ ನಡುಗುವ ರೋಗಿಗಳಿಗೆ ಆಗೆಲ್ಲ ಮೆದುಳಿನೊಳಗೆ ಥಾಲಮಸ್ ಎಂಬ ಭಾಗದಲ್ಲಿ ಒಂದು ಚುಕ್ಕೆಯಷ್ಟು ಜಾಗವನ್ನು ಸುಡುತ್ತಿದ್ದರು. ಸುಟ್ಟರೆ ನಡುಕ ನಿಲ್ಲುತ್ತಿತ್ತು. ಆದರೆ ಜಾಗ ಸ್ವಲ್ಪ ತಪ್ಪಿದರೂ ಕೆಟ್ಟಿತು, ಸುಟ್ಟದ್ದನ್ನು ವಾಪಸ್ ತರಲು ಆಗುವುದಿಲ್ಲ. ಎರಡೂ ಕಡೆ ಸುಟ್ಟರೆ ಮಾತು ತೊದಲುವ, ನಡಿಗೆ ತೂಗಾಡುವ ಅಪಾಯ ಜಾಸ್ತಿ. ಅದಕ್ಕೇ ಸುಡುವ ಮೊದಲು ಅದೇ ಸೂಜಿಯಲ್ಲಿ ಸ್ವಲ್ಪ ಕರೆಂಟ್ ಬಿಟ್ಟು, ಜಾಗ ಸರಿ ಇದೆಯಾ ಅಂತ ನೋಡುವುದು ರೂಢಿ.

ಬೆನಬಿದ್ ಆ ಕರೆಂಟಿನ ವೇಗವನ್ನೇ ಬದಲಿಸಿ ನೋಡಿದರು. ಸೆಕೆಂಡಿಗೆ ಕೆಲವೇ ಮಿಡಿತ ಕೊಟ್ಟಾಗ ನಡುಕ ಕಡಿಮೆ ಆಗಲಿಲ್ಲ, ಕೆಲವೊಮ್ಮೆ ಹೆಚ್ಚಿತು. ವೇಗವನ್ನು ಸೆಕೆಂಡಿಗೆ ನೂರರ ಹತ್ತಿರ ತಂದಾಗ ಕೈ ಸ್ಥಿರವಾಗಿ ನಿಂತಿತು. ಕರೆಂಟ್ ತೆಗೆದರೆ ನಡುಕ ವಾಪಸ್. ಮತ್ತೆ ಕೊಟ್ಟರೆ ಮತ್ತೆ ನಿಂತಿತು. ಹಾಗಾದರೆ ಸುಡುವುದು ಯಾಕೆ, ತಂತಿಯನ್ನು ಅಲ್ಲೇ ಬಿಟ್ಟು ಕರೆಂಟ್ ಕೊಡುತ್ತಾ ಇದ್ದರೆ ಸಾಕಲ್ವಾ? 1987ರಲ್ಲಿ ಅವರು ಮತ್ತು ನರರೋಗ ತಜ್ಞ ಪಿಯೇರ್ ಪೊಲಾಕ್ ಇದನ್ನು ಪ್ರಕಟಿಸಿದರು. ನನಗೆ ಈ ಪ್ರಶ್ನೆ ಬಹಳ ಇಷ್ಟ. ಬೇರೆಯವರೂ ಅದೇ ಕರೆಂಟ್ ಕೊಟ್ಟಿದ್ದರು, ಅದೇ ಕೈ ನಿಂತದ್ದನ್ನು ನೋಡಿದ್ದರು. ಅವರಿಗೆ ಅದು ಸುಡುವ ಮುಂಚಿನ ಪರೀಕ್ಷೆ. ಇವರು ಆ ಪರೀಕ್ಷೆಯಲ್ಲೇ ಚಿಕಿತ್ಸೆ ಕಂಡರು.

ನಮ್ಮ ದೇಶದಲ್ಲೂ ಈ ದಾರಿ ಹಳೆಯದು. ನಿಮ್ಹಾನ್ಸ್ ಕಟ್ಟಿದವರಲ್ಲಿ ಒಬ್ಬರಾದ ಡಾ. ಆರ್. ಎಂ. ವರ್ಮ ಅವರು ತಲೆಬುರುಡೆಯ ತಳದಲ್ಲಿ ಸಹಜವಾಗಿಯೇ ಇರುವ ಒಂದು ರಂಧ್ರದ ಮೂಲಕ ಸೂಜಿ ಕಳಿಸಿ ಪಾರ್ಕಿನ್ಸನ್ ರೋಗಿಗಳಿಗೆ ಚಿಕಿತ್ಸೆ ಮಾಡುವ ವಿಧಾನ ರೂಪಿಸಿದ್ದರು. ಅದಕ್ಕೆ ಅವರ ಹೆಸರೇ ನಿಂತಿದೆ. ಚೆನ್ನೈನಲ್ಲಿ ಡಾ. ಟಿ. ಎಸ್. ಕನಕ, ಏಷ್ಯಾದ ಮೊದಲ ಮಹಿಳಾ ನ್ಯೂರೋಸರ್ಜನ್‌ಗಳಲ್ಲಿ ಒಬ್ಬರು, 1970ರ ದಶಕದಲ್ಲೇ ಮೆದುಳಿನೊಳಗೆ ತಂತಿ ಕೂರಿಸಿ ಬಿಡುವ ಕೆಲಸ ಮಾಡಿದ್ದರು. ಕ್ಲಾಸಿನಲ್ಲಿ ಇವರ ಹೆಸರು ಹೇಳಿದಾಗ ಹುಡುಗಿಯರು ಬರೆದುಕೊಳ್ಳುತ್ತಾರೆ. ನನಗೆ ಖುಷಿಯಾಗುತ್ತದೆ.

ಈಗ ಅಪ್ಪನ ವಿಷಯ. ಅಪ್ಪ ಟೈಲರ್. ಮಂಡಿಪೇಟೆ ಹತ್ತಿರದ ಒಂದು ಸಂದಿಯಲ್ಲಿ ಅಂಗಡಿ. ಪ್ಯಾಂಟು, ಸಫಾರಿ, ಮದುವೆ ಸೂಟು, ಎಲ್ಲ ಹೊಲಿಯುತ್ತಿದ್ದರು. ಊರಿನಲ್ಲಿ ಕಾಟನ್ ಮಿಲ್ಲುಗಳು ಓಡುತ್ತಿದ್ದ ಕಾಲದಿಂದ ಇರುವ ಗಿರಾಕಿಗಳು. ಎಲ್ಲರೂ "ಮಾಸ್ಟ್ರೆ" ಅನ್ನುತ್ತಾರೆ. ಮೊದಲು ಬಂದದ್ದು ಬಲಗೈ ನಡುಕ ಅಲ್ಲ, ಬಲ ಭುಜದ ನೋವು. ಊರಿನ ಒಬ್ಬ ಡಾಕ್ಟರು ಭುಜ ಹಿಡಿದುಕೊಂಡಿದೆ ಅಂದರು. ಶಾಖ ಕೊಟ್ಟರು, ಇಂಜೆಕ್ಷನ್ ಕೊಟ್ಟರು, ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದರು. ಅಪ್ಪನನ್ನು ನಾಲ್ಕು ಹೆಜ್ಜೆ ನಡೆಸಿ ನೋಡಲಿಲ್ಲ. ನೋಡಿದ್ದರೆ ಬಲಗೈ ಬೀಸದೆ ಮೈಗೆ ಅಂಟಿಕೊಂಡಿದ್ದು ಕಾಣುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಪಾರ್ಕಿನ್ಸನ್ ಕೆಲವರಲ್ಲಿ ಭುಜದ ನೋವಾಗಿಯೇ ಶುರುವಾಗುತ್ತದೆ. ನಿಮ್ಮ ಮನೆಯಲ್ಲಿ ವಯಸ್ಸಾದವರಿಗೆ ಒಂದೇ ಕಡೆ ಭುಜ ಬಿಗಿಯಾಗಿ, ಆ ಕೈ ನಡೆಯುವಾಗ ಬೀಸದೆ ಇದ್ದರೆ ದಯವಿಟ್ಟು ನರರೋಗ ತಜ್ಞರಿಗೆ ತೋರಿಸಿ.

ಕೊನೆಗೆ ರೋಗ ಪತ್ತೆ ಮಾಡಿದ ನರರೋಗ ತಜ್ಞರು ಹಳೆಯ ಬರಹ ಏನಾದರೂ ಇದ್ದರೆ ತನ್ನಿ ಅಂದರು. ಟೈಲರ್ ಮನೆಯಲ್ಲಿ ಅದಕ್ಕೇನು ಕೊರತೆ? ಅಳತೆ ಪುಸ್ತಕಗಳ ಕಟ್ಟನ್ನೇ ಹೊತ್ತುಕೊಂಡು ಹೋದೆವು. ಉದ್ದನೆಯ ಪುಸ್ತಕ, ರಟ್ಟಿನ ಮೇಲೆ ಸೀಮೆಸುಣ್ಣದ ಪುಡಿ, ಪುಟದ ಮೂಲೆಗೆ ಪಿನ್ ಹೊಡೆದ ಬಟ್ಟೆ ಚೂರು. ಗಿರಾಕಿ ಹೆಸರು, ಪಕ್ಕದಲ್ಲಿ ಉದ್ದ, ಎದೆ, ಭುಜ, ತೋಳು, ಕಾಲರ್. ಹಳೇ ಪುಸ್ತಕದಲ್ಲಿ ಅಂಕಿಗಳು ಗೆರೆ ತುಂಬಾ ದುಂಡಗೆ ಕೂತಿದ್ದವು. ಆಮೇಲಿನ ಪುಸ್ತಕದಲ್ಲಿ ಸಾಲು ಶುರುವಾಗುವಾಗ ಸರಿ, ತೋಳಿನ ಅಳತೆಗೆ ಬರುವಷ್ಟರಲ್ಲಿ ಸಣ್ಣದು, ಕಾಲರ್ ಅಳತೆ ಓದಲಿಕ್ಕೇ ಆಗದಷ್ಟು ಸಣ್ಣದು. ಡಾಕ್ಟರ್ ಒಂದೊಂದೇ ಪುಟ ತಿರುವಿದರು. ಭುಜ ನೋವು ಬರುವುದಕ್ಕೆ ಬಹಳ ಮುಂಚಿನ ಪುಟವೊಂದರಲ್ಲಿ ಬೆರಳಿಟ್ಟು, "ಇಲ್ಲಿಂದಲೇ ಶುರು ಆಗಿದೆ ನೋಡಿ" ಅಂದರು.

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ರೋಗದ ಬಗ್ಗೆ ಬರೆದಾಗ ಅದು ಯಾಕೆ ಬರುತ್ತದೆ ಅಂತ ಗೊತ್ತಿರಲಿಲ್ಲ. ಮೆದುಳಿನ ಬುಡದಲ್ಲಿ ಕಪ್ಪು ಬಣ್ಣದ ಸಣ್ಣ ಭಾಗವೊಂದಿದೆ. ಅಲ್ಲಿಯ ಕೋಶಗಳು ಡೋಪಮೈನ್ ಅನ್ನುವ ರಾಸಾಯನಿಕ ಮಾಡುತ್ತವೆ. ಅವು ಸಾಯುತ್ತಾ ಹೋದ ಹಾಗೆ ಮೈ ನಿಧಾನವಾಗುತ್ತದೆ, ಬಿಗಿಯುತ್ತದೆ, ನಡುಗುತ್ತದೆ. ಮೆದುಳಿಗೆ ಹೋಗಿ ಡೋಪಮೈನ್ ಆಗುವ ಲೆವೊಡೋಪಾ ಮಾತ್ರೆ 1960ರ ದಶಕದಿಂದ ಇದೆ. ನಮ್ಮಲ್ಲಿ ಸಿಂಡೋಪಾ ಅಂದರೆ ಬಹಳ ಜನರಿಗೆ ಗೊತ್ತಾಗುತ್ತದೆ. ಶುರುವಿನ ವರ್ಷಗಳಲ್ಲಿ ಅಪ್ಪನಿಗೆ ಆ ಮಾತ್ರೆ ಕೈ ವಾಪಸ್ ಕೊಟ್ಟಿತು. ಮತ್ತೆ ಕತ್ತರಿ ಹಿಡಿದರು. ಪ್ರೋಟೀನ್ ಜೊತೆ ತೆಗೆದುಕೊಂಡರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕೆ ಮಾತ್ರೆಗೂ ತಿಂಡಿಗೂ ಅರ್ಧ ಗಂಟೆ ಅಂತರ. ಬೆಣ್ಣೆ ದೋಸೆ ಆರಿದರೂ ಪರವಾಗಿಲ್ಲ, ಅಪ್ಪ ಗಡಿಯಾರ ನೋಡಿಕೊಂಡು ಕೂರುತ್ತಿದ್ದರು. ಅಮ್ಮನ ಕಡೆಯ ಒಬ್ಬರು ನಸುಗುನ್ನಿ ಬೀಜದ ಪುಡಿ ತಂದುಕೊಟ್ಟರು. ಪ್ರೀತಿಯಿಂದಲೇ ತಂದದ್ದು. ಅದರಲ್ಲಿ ನಿಜಕ್ಕೂ ಲೆವೊಡೋಪಾ ಇದೆ. ಇರುವುದರಿಂದಲೇ ಡಾಕ್ಟರಿಗೆ ಹೇಳದೆ ಮಾತ್ರೆಯ ಮೇಲೆ ತಗೋಬಾರದು, ಡೋಸು ಎಷ್ಟಾಯಿತು ಅಂತ ಲೆಕ್ಕ ಸಿಗುವುದಿಲ್ಲ.

ವರ್ಷಗಳು ಕಳೆದ ಹಾಗೆ ಮಾತ್ರೆಯ ಕೆಲಸದ ಹೊತ್ತು ಕುಗ್ಗಿತು. ಹೊತ್ತು ಮೀರಿದರೆ ಅಪ್ಪ ಇದ್ದ ಜಾಗದಲ್ಲೇ ಕಟ್ಟಿಹಾಕಿದವರ ಹಾಗೆ ನಿಲ್ಲುತ್ತಿದ್ದರು. ಮಾತ್ರೆ ಏರಿದಾಗ ಕುತ್ತಿಗೆ, ಭುಜ ತಾವೇ ತಾವಾಗಿ ಕುಣಿಯುತ್ತಿದ್ದವು. ಅದು ರೋಗವಲ್ಲ, ಮಾತ್ರೆಯ ಅಡ್ಡ ಪರಿಣಾಮ. ಈ ಎರಡರ ನಡುವೆ ಸರಿಯಾಗಿರುವ ಹೊತ್ತು ದಿನೇ ದಿನೇ ಕಮ್ಮಿ. ಆಗ ಡಿಬಿಎಸ್ ಮಾತು ಬಂತು.

ಇದು ಎಲ್ಲರಿಗೂ ಮಾಡುವ ಆಪರೇಷನ್ ಅಲ್ಲ. ರಾತ್ರಿಯೆಲ್ಲ ಮಾತ್ರೆ ನಿಲ್ಲಿಸಿ ಬೆಳಿಗ್ಗೆ ಅಪ್ಪನನ್ನು ಪರೀಕ್ಷೆ ಮಾಡಿದರು. ಬೆರಳು ತಟ್ಟಿಸಿದರು, ಕುರ್ಚಿಯಿಂದ ಏಳಿಸಿದರು, ನಡೆಸಿದರು, ಹಿಂದಿನಿಂದ ಎಳೆದು ಸಮತೋಲ ನೋಡಿದರು. ಆಮೇಲೆ ಮಾತ್ರೆ ಕೊಟ್ಟು ಅದನ್ನೆಲ್ಲ ಮತ್ತೆ ಮಾಡಿಸಿದರು. ಮಾತ್ರೆಯಿಂದ ಚೆನ್ನಾಗಿ ಸುಧಾರಿಸುವ ಲಕ್ಷಣಗಳೇ ಸಾಮಾನ್ಯವಾಗಿ ಡಿಬಿಎಸ್‌ನಿಂದಲೂ ಸುಧಾರಿಸುವುದು. ನಡುಕ ಮಾತ್ರ ಇದಕ್ಕೆ ಹೊರತು, ಮಾತ್ರೆಗೆ ಬಗ್ಗದ ನಡುಕವೂ ಡಿಬಿಎಸ್‌ಗೆ ಬಗ್ಗಬಹುದು. ನೆನಪಿನ ಶಕ್ತಿಯ ಪರೀಕ್ಷೆಯೂ ಆಯಿತು. ಮರೆವಿನ ಕಾಯಿಲೆ ಶುರುವಾಗಿದ್ದರೆ ಈ ಆಪರೇಷನ್ ಮಾಡುವುದಿಲ್ಲ. ಅಂದರೆ ಇದಕ್ಕೊಂದು ಹೊತ್ತಿದೆ. "ಕೊನೆಗೆ ನೋಡೋಣ ಬಿಡಿ" ಅಂತ ಮುಂದೂಡುತ್ತಾ ಹೋದರೆ ಆ ಹೊತ್ತು ದಾಟಿಹೋಗುತ್ತದೆ. ನಮ್ಮ ಊರುಗಳಲ್ಲಿ ತಲೆ ಆಪರೇಷನ್ ಅಂದರೆ ಕೊನೆಯ ಉಪಾಯ ಅನ್ನುವ ಭಯ ಎಷ್ಟು ಜನರನ್ನು ಹೀಗೆ ಹಿಂದೆ ಉಳಿಸಿದೆಯೋ. ದುಡ್ಡಿನ ವಿಷಯ ಬೇರೆ. ಹತ್ತು ಲಕ್ಷ ದಾಟಿದ ಅಂದಾಜು ಕೇಳಿ ಅಮ್ಮ ಸುಮ್ಮನಾಗಿಬಿಟ್ಟರು. ಸೈಟು ಮಾರಿದೆವು, ಸೊಸೈಟಿಯಲ್ಲಿ ಸಾಲ ಮಾಡಿದೆವು. ಇಷ್ಟು ಖರ್ಚು ಮಾಡಲು ಆಗದವರೇ ನಮ್ಮ ಸುತ್ತ ಜಾಸ್ತಿ. ಇದು ನನ್ನನ್ನು ಬಾಧಿಸುತ್ತದೆ.

ಆಪರೇಷನ್ ಬೆಂಗಳೂರಿನಲ್ಲಿ. ಬೆಳಿಗ್ಗೆ ತಲೆಗೆ ಲೋಹದ ಚೌಕಟ್ಟು ಬಿಗಿದು ಸ್ಕ್ಯಾನ್ ಮಾಡಿದರು. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1949ರಲ್ಲಿ ವಿವರಿಸಿದ ಮಾದರಿಯ ಚೌಕಟ್ಟುಗಳು ಇವತ್ತಿಗೂ ಬಳಕೆಯಲ್ಲಿವೆ. ಮೆದುಳಿನೊಳಗಿನ ಯಾವುದೇ ಬಿಂದುವಿಗೆ ಮೂರು ಅಳತೆ ಕೊಡುವುದು ಅದರ ಕೆಲಸ: ಅಡ್ಡ, ಮುಂದೆ ಹಿಂದೆ, ಆಳ. ಆಳದಲ್ಲಿರುವ ಗಡ್ಡೆಯಿಂದ ಚೂರು ತೆಗೆದು ಬಯಾಪ್ಸಿ ಮಾಡಲೂ ಇದನ್ನೇ ಬಳಸುತ್ತಾರೆ. ಅಪ್ಪನ ಮೆದುಳಿನಲ್ಲಿ ಮುಟ್ಟಬೇಕಿದ್ದದ್ದು ಸಬ್‌ಥಾಲಮಿಕ್ ನ್ಯೂಕ್ಲಿಯಸ್. ಒಂದು ಅವರೆಕಾಳಿನಷ್ಟು ಇರುತ್ತದೆ. ಇದರ ಮಹತ್ವ ಗೊತ್ತಾಗಿದ್ದಕ್ಕೂ ಒಂದು ಹಿನ್ನೆಲೆ ಇದೆ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಕಲಬೆರಕೆ ಮಾದಕವಸ್ತು ಚುಚ್ಚಿಕೊಂಡು ಪಾರ್ಕಿನ್ಸನ್ ರೋಗಿಗಳ ಹಾಗೆ ಮರಗಟ್ಟಿಹೋದರು. ಅದರಲ್ಲಿದ್ದ ಎಂಪಿಟಿಪಿ ಅನ್ನುವ ವಿಷ ಡೋಪಮೈನ್ ಕೋಶಗಳನ್ನು ಕೊಂದಿತ್ತು. ಆ ವಿಷದಿಂದ ರೋಗ ಬರಿಸಿದ ಕೋತಿಗಳಲ್ಲಿ ಅಮೆರಿಕದ ಮಾಲನ್ ಡಿಲಾಂಗ್ ತಂಡ ಸಬ್‌ಥಾಲಮಿಕ್ ನ್ಯೂಕ್ಲಿಯಸ್ ಹದ್ದು ಮೀರಿ ಮಿಡಿಯುತ್ತದೆ, ಅದನ್ನು ತೆಗೆದರೆ ಬಿಗಿತ ಸಡಿಲವಾಗುತ್ತದೆ ಅಂತ ತೋರಿಸಿತು. ಅದು 1990. ಬೆನಬಿದ್ 1993ರಲ್ಲಿ ಅಲ್ಲೇ ತಂತಿ ಇಟ್ಟರು. 2014ರಲ್ಲಿ ಇಬ್ಬರಿಗೂ ಒಟ್ಟಿಗೆ ಲಾಸ್ಕರ್ ಪ್ರಶಸ್ತಿ ಬಂತು. ಈವರೆಗೆ ಜಗತ್ತಿನಲ್ಲಿ ಲಕ್ಷಕ್ಕೂ ಹೆಚ್ಚು ಜನರಿಗೆ ಈ ಆಪರೇಷನ್ ಆಗಿದೆ.

ಥಿಯೇಟರ್ ಒಳಗೆ ನಡೆದದ್ದನ್ನು ಅಪ್ಪ ಎಷ್ಟು ಸಲ ಕೇಳಿದರೂ ಉತ್ಸಾಹದಿಂದ ಹೇಳುತ್ತಾರೆ. ಹಿಂದಿನ ರಾತ್ರಿಯಿಂದ ಮಾತ್ರೆ ಇಲ್ಲ, ಯಾಕೆಂದರೆ ನಡುಕ, ಬಿಗಿತ ಕಾಣಬೇಕು. ಡ್ರಿಲ್ಲಿನ ಸದ್ದು ತಲೆಯೆಲ್ಲ ತುಂಬಿತಂತೆ, ನೋವಿಲ್ಲ. ಆಮೇಲೆ ಕೂದಲಿಗಿಂತ ತೆಳು ತುದಿಯ ಎಲೆಕ್ಟ್ರೋಡ್ ಇಳಿಸುತ್ತಾ ನರಕೋಶಗಳ ಮಿಡಿತವನ್ನು ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಾರೆ. ಒಂದಿಷ್ಟು ದೂರ ಹೆಚ್ಚು ಸದ್ದಿಲ್ಲ. ಆಮೇಲೆ ಒಮ್ಮೆಲೇ ಜೋರಾಗಿ ಚರಚರ, ಪಟಪಟ. ಸರಿಯಾದ ಜಾಗ ಬಂತು ಅಂತ ಅದೇ ಹೇಳುತ್ತದೆ. "ನನ್ನ ತಲಿ ಒಳಗಿನ ಸಪ್ಪಳ ನಾನೇ ಕೇಳ್ದೆ ನೋಡವ್ವಾ" ಅನ್ನುತ್ತಾರೆ ಅಪ್ಪ. ಆಮೇಲೆ ಕರೆಂಟ್ ಕೊಟ್ಟು ನೋಡಿದರು. "ಯಜಮಾನ್ರೇ, ಬಲಗೈ ಮುಷ್ಟಿ ಬಿಚ್ಚಿ, ಮುಚ್ಚಿ. ಹೇಗಿದೆ ಹೇಳಿ." ಅಪ್ಪ ಹೇಳಿದ್ದು: "ಕೈ ಹಗುರಾತು ಸರ್, ಆದ್ರ ಬಾಯಿ ಬಲಕ್ಕ ಎಳೀತೈತಿ." ಕೂಡಲೇ ಕರೆಂಟ್ ಇಳಿಸಿದರು. ಆ ಜಾಗದ ಪಕ್ಕದಲ್ಲೇ ಕೈ, ಕಾಲು, ಮುಖದ ಸ್ನಾಯುಗಳಿಗೆ ಹೋಗುವ ನರತಂತುಗಳ ದಾರಿ ಇದೆ. ಕರೆಂಟ್ ಅಲ್ಲಿಗೆ ಸೋರಿದರೆ ಮುಖ ಸೆಳೆಯುತ್ತದೆ. ತಂತಿಯನ್ನು 2 ಮಿಲಿಮೀಟರ್ ಪಕ್ಕದ ದಾರಿಗೆ ಬದಲಿಸಿದರು. ಮತ್ತೆ ಕೇಳಿದರು. ಈ ಸಲ ಬಾಯಿ ಸೆಳೆಯಲಿಲ್ಲ.

ಜೀವಮಾನವಿಡೀ ಅಳತೆ ತೆಗೆದವರು ನಮ್ಮಪ್ಪ. ಆ ಎರಡು ಮಿಲಿಮೀಟರ್ ಅವರಿಗೆ ಚೆನ್ನಾಗಿ ಅರ್ಥವಾಯಿತು. ಅವತ್ತು ತಾನೂ ಕೆಲಸ ಮಾಡಿದ್ದೇನೆ ಅನ್ನುವ ಭಾವ ಅವರಲ್ಲಿದೆ, ಅದು ಸರಿಯಾಗಿಯೇ ಇದೆ. ಬಾಯಿ ಸೆಳೆಯುತ್ತಿದೆ ಅಂತ ಒಳಗಿನಿಂದ ತಿಳಿದದ್ದು, ಮೊದಲು ಹೇಳಿದ್ದು ಅವರೇ. ಈಗ ಕೆಲವು ಕಡೆ ಪೂರ್ತಿ ಮಲಗಿಸಿ, ಎಂಆರ್‌ಐ ನೋಡಿಕೊಂಡೇ ಈ ಆಪರೇಷನ್ ಮಾಡುತ್ತಾರೆ. ಭಯಪಡುವವರಿಗೆ ಅದು ಒಳ್ಳೆಯದೇ.

ಅಪ್ಪನ ಅಂಗಡಿ ಪಕ್ಕದಲ್ಲಿ ಕಾಜಾ ಮಾಡುವ ಚಾಚಾ ಒಬ್ಬರಿದ್ದಾರೆ. ಅಪ್ಪ ಹೊಲಿದ ಅಂಗಿಗಳಿಗೆಲ್ಲ ಅವರೇ ಕಾಜಾ, ಗುಂಡಿ. ಅವರಿಗೆ ಒಂದು ದಿನ ಅಂಗಡಿಯಲ್ಲೇ ಫಿಟ್ಸ್ ಬಂತು. ಸ್ಕ್ಯಾನ್ ಮಾಡಿದರೆ ಎಡಭಾಗದಲ್ಲಿ ಗಡ್ಡೆ, ಮಾತಿನ ಜಾಗಕ್ಕೆ ತೀರಾ ಹತ್ತಿರ. ನಿಧಾನವಾಗಿ ಬೆಳೆಯುವ ಗ್ಲಯೋಮಾ. ಗ್ಲಯೋಮಾದ ಕಷ್ಟ ಏನೆಂದರೆ ಅದಕ್ಕೆ ಅಂಚಿಲ್ಲ. ಅದರ ಕೋಶಗಳು ಒಳ್ಳೆಯ ಮೆದುಳಿನೊಳಗೆ ನುಸುಳಿಕೊಂಡಿರುತ್ತವೆ. ಜಾಸ್ತಿ ತೆಗೆದರೆ ಮಾತು ಹೋಗಬಹುದು, ಕಡಿಮೆ ತೆಗೆದರೆ ಬೇಗ ಬೆಳೆಯಬಹುದು. ಚಾಚಾನನ್ನೂ ಎಚ್ಚರದಲ್ಲೇ ಇಟ್ಟುಕೊಂಡು ತೆಗೆದರು. ಮೆದುಳಿನ ಮೇಲ್ಮೈಗೆ ಸಣ್ಣ ಕರೆಂಟ್ ಮುಟ್ಟಿಸುತ್ತಾ ಚಿತ್ರ ತೋರಿಸಿ ಹೆಸರು ಕೇಳಿದರು. ಅವರಿಗೆ ಮನೆಯಲ್ಲಿ ಉರ್ದು, ಪೇಟೆಯಲ್ಲಿ ಕನ್ನಡ. ಎರಡರಲ್ಲೂ ಕೇಳಿದರು. ಒಂದು ಜಾಗ ಮುಟ್ಟಿದಾಗ ಕನ್ನಡ ನಿಂತಿತು, ಉರ್ದು ಬರುತ್ತಿತ್ತಂತೆ. ಎರಡು ಭಾಷೆ ಆಡುವವರಲ್ಲಿ ಹೀಗೆ ಬೇರೆ ಬೇರೆ ಜಾಗ ಇರಬಹುದು ಅಂತ ಅಮೆರಿಕದ ಜಾರ್ಜ್ ಓಜ್‌ಮನ್ ಮತ್ತು ಹ್ಯಾರಿ ವಿಟೇಕರ್ 1978ರಲ್ಲೇ ತೋರಿಸಿದ್ದರು. ಸರ್ಜನ್ ಆ ಜಾಗ ಮುಟ್ಟದೆ ಬಿಟ್ಟರು. ಚಾಚಾ ಈಗ ಡಾಕ್ಟರು ಹೇಳಿದ ಹೊತ್ತಿಗೆ ಎಂಆರ್‌ಐ ಮಾಡಿಸುತ್ತಾರೆ, ಫಿಟ್ಸ್ ಮಾತ್ರೆ ನುಂಗುತ್ತಾರೆ, ಗಿರಾಕಿಗಳ ಜೊತೆ ಎರಡೂ ಭಾಷೆಯಲ್ಲಿ ಚೌಕಾಸಿ ಮಾಡುತ್ತಾರೆ.

ರೋಗಿ ಎಚ್ಚರವಿರುವಾಗಲೇ ಆಪರೇಷನ್ ಮಾಡುವ ಈ ದಾರಿಯನ್ನು ಗಟ್ಟಿ ಮಾಡಿದವರು ನ್ಯೂರೋಸರ್ಜನ್, ಕೆನಡಾದ ಮಾಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್. 1928ರಲ್ಲಿ ಅವರು ತಮ್ಮ ಸ್ವಂತ ಅಕ್ಕ ರೂತ್ ಅವರ ಮೆದುಳಿನ ಗಡ್ಡೆಗೆ ತಾವೇ ಆಪರೇಷನ್ ಮಾಡಿದರು. ಪೂರ್ತಿ ತೆಗೆಯಲಾಗಲಿಲ್ಲ. ಕೆಲವು ವರ್ಷಗಳಲ್ಲಿ ಆಕೆ ತೀರಿಕೊಂಡರು. ಒಡಹುಟ್ಟಿದವಳ ತಲೆ ತೆರೆದ ಆ ಕೈಗಳ ಬಗ್ಗೆ ಯೋಚಿಸಿದರೆ ನನಗೆ ಮಾತು ಬರುವುದಿಲ್ಲ. ಆ ಮೇಲೆ ಅವರು ಎಚ್ಚರವಾಗಿರುವ ರೋಗಿಗಳನ್ನು ಕೇಳಿ ಕೇಳಿ ಬರೆದ ಮೆದುಳಿನ ನಕ್ಷೆಯನ್ನು ಇವತ್ತಿಗೂ ಮಕ್ಕಳಿಗೆ ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ.

ಗಡ್ಡೆ ಬೇರೆ, ನಡುಕ ಬೇರೆ ಅಂತ ಮೊದಲು ನನಗೂ ಅನಿಸುತ್ತಿತ್ತು. ಈಗಿನ ಸಂಶೋಧನೆ ಅವೆರಡನ್ನೂ ಹತ್ತಿರ ತರುತ್ತಿದೆ. ಗ್ಲಯೋಮಾ ಕೋಶಗಳು ಅಕ್ಕಪಕ್ಕದ ನರಕೋಶಗಳ ಜೊತೆ ಸಿನಾಪ್ಸ್, ಅಂದರೆ ಸಂಕೇತ ದಾಟಿಸುವ ಕೊಂಡಿ, ಕಟ್ಟಿಕೊಳ್ಳುತ್ತವೆ, ಮೆದುಳಿನ ವಿದ್ಯುತ್ ಸಂಕೇತಗಳೇ ಅವುಗಳ ಬೆಳವಣಿಗೆಗೆ ಕುಮ್ಮಕ್ಕು ಕೊಡುತ್ತವೆ ಅಂತ 2019ರಲ್ಲಿ ಸ್ಟ್ಯಾನ್‌ಫರ್ಡ್‌ನ ಮಿಶೆಲ್ ಮೊಂಜೆ ತಂಡ, ಜರ್ಮನಿಯ ಹೈಡಲ್‌ಬರ್ಗ್ ತಂಡ ಎರಡೂ ತೋರಿಸಿದವು. ಇನ್ನೊಂದು ಕಡೆ, ತಲೆಯ ಮೇಲೆ ಪಟ್ಟಿ ಅಂಟಿಸಿ ಗಡ್ಡೆಯ ಕೋಶಗಳು ಒಡೆದು ಹೆಚ್ಚುವುದನ್ನು ತಡೆಯುವ ವಿದ್ಯುತ್ ಕ್ಷೇತ್ರ ಕೊಡುವ ಚಿಕಿತ್ಸೆ ಇದೆ. 2017ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ, ಗ್ಲಯೋಬ್ಲಾಸ್ಟೋಮಾ ಅನ್ನುವ ಅತಿ ಕೆಟ್ಟ ಗಡ್ಡೆಯ ರೋಗಿಗಳಲ್ಲಿ ಅರ್ಧದಷ್ಟು ಜನ ಬದುಕಿದ್ದ ಅವಧಿ ಕೀಮೋ ಒಂದರಲ್ಲೇ 16 ತಿಂಗಳು, ಇದೂ ಸೇರಿದಾಗ 20.9 ತಿಂಗಳು. ಐದು ತಿಂಗಳು ಕಡಿಮೆ ಅನಿಸಬಹುದು. ಆ ಮನೆಯವರಿಗೆ ಕಡಿಮೆಯಲ್ಲ.

ಅಪ್ಪ ಈಗ ಹೇಗಿದ್ದಾರೆ? ನಡುಕ ಇಲ್ಲವೆನ್ನುವಷ್ಟು ಕಮ್ಮಿ. ಮಾತ್ರೆ ಅರ್ಧಕ್ಕೆ ಇಳಿದಿದೆ. ಬ್ಯಾಟರಿ ಸೆಕೆಂಡಿಗೆ 130 ಸಲ ಮಿಡಿಯುತ್ತದೆ, ಒಂದೊಂದು ಮಿಡಿತ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 60 ಭಾಗ. ಅಂಗಡಿಯಲ್ಲಿ ಕೂತು ಕತ್ತರಿಸುವುದು ಅಪ್ಪ, ಮಷೀನ್ ತುಳಿಯುವುದು ತಮ್ಮ. ಡಿಬಿಎಸ್ ರೋಗವನ್ನು ವಾಸಿ ಮಾಡುವುದಿಲ್ಲ. ಒಳಗೆ ಕೋಶಗಳು ಸಾಯುವುದು ನಿಂತಿಲ್ಲ. ಅಪ್ಪನ ದನಿ ಮೆತ್ತಗಾಗಿದೆ, ಬಾಗಿಲು ದಾಟುವಾಗ ಒಮ್ಮೊಮ್ಮೆ ಕಾಲು ನೆಲಕ್ಕೆ ಅಂಟಿದ ಹಾಗೆ ಹಿಡಿಯುತ್ತದೆ. ಇವು ಈ ಆಪರೇಷನ್ನಿಗೆ ಅಷ್ಟಾಗಿ ಬಗ್ಗುವುದಿಲ್ಲ ಅಂತ ಮೊದಲೇ ಹೇಳಿದ್ದರು. ಯಾವ ಫಿಸಿಯೋಥೆರಪಿಗೆ ಹೋದರೂ ಶಾಖ ಕೊಡುವ ಡಯಾಥರ್ಮಿ ಬೇಡ ಅಂತ ಜೇಬಿನ ಕಾರ್ಡು ತೋರಿಸುತ್ತಾರೆ. ಆ ಶಾಖದಿಂದ ತಂತಿಯ ತುದಿ ಕಾದು ಮೆದುಳಿಗೇ ಅಪಾಯ.

ಹೊಸದೊಂದು ಬಂದಿದೆ. ಪಾರ್ಕಿನ್ಸನ್ ಬಿಗಿತ ಹೆಚ್ಚಿದಾಗ ಆ ಅವರೆಕಾಳಿನಷ್ಟು ಜಾಗದಲ್ಲಿ ಸೆಕೆಂಡಿಗೆ 13ರಿಂದ 30 ಸಲದ ಒಂದು ಲಯ ಜೋರಾಗುತ್ತದೆ. ಅದನ್ನು ತಂತಿಯೇ ಕೇಳಿಸಿಕೊಂಡು, ಬೇಕಾದಾಗ ಕರೆಂಟ್ ಏರಿಸಿ, ಬೇಡವಾದಾಗ ಇಳಿಸುವ ಬ್ಯಾಟರಿಗಳು. 2025ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದೆ. ಅಪ್ಪನಿಗೆ ಹೇಳಿದೆ. "ಅಂದ್ರ ನಾನು ಬಾಯಿಬಿಟ್ಟು ಹೇಳೂದ್ ಬ್ಯಾಡ, ತಲಿನೇ ಹೇಳ್ತೈತಿ ಅನ್ನು" ಅಂದರು. ಮುಂದಿನ ಸಲ ಬ್ಯಾಟರಿಯ ಕರೆಂಟ್ ಹೊಂದಿಸುವ ಪ್ರೋಗ್ರಾಮಿಂಗ್‌ಗೆ ಬೆಂಗಳೂರಿಗೆ ಹೋದಾಗ ಎರಡು ಕೇಳಬೇಕು ಅಂದುಕೊಂಡಿದ್ದೇವೆ. ಮಿಡಿತವನ್ನು ಸೆಕೆಂಡಿಗೆ 60ಕ್ಕೆ ಇಳಿಸಿದರೆ ಕೆಲವರಿಗೆ ಕಾಲು ಹಿಡಿಯುವುದು ಕಮ್ಮಿಯಾಗಿದೆ, ಅಪ್ಪನಿಗೆ ನೋಡಬಹುದಾ? ಈಗಿನ ಬ್ಯಾಟರಿ ಮುಗಿದು ಬದಲಿಸುವಾಗ ಇದೇ ತಂತಿಗೆ ಹೊಸ ಬಗೆಯದನ್ನು ಜೋಡಿಸಲು ಬರುತ್ತದಾ?